ದಂಡ ಕಟ್ಟಿ ಮುಗಿಸಿಬಿಡಿ

'ತಪ್ಪಾಯ್ತು' ಎನ್ನುವುದು ಕನ್ನಡದಲ್ಲಿ ಜಗಳ ಮುಗಿಸುವ ಮಾತು. ಬಸ್ಸಿನಲ್ಲಿ ಯಾರದೋ ಕಾಲು ತುಳಿದರೆ, ಮದುವೆಮನೆಯಲ್ಲಿ ಬೀಗರಿಗೆ ಎಲೆ ಹಾಕುವುದು ತಡವಾದರೆ, ಹೆಲ್ಮೆಟ್ ಇಲ್ಲವೆಂದು ಪೊಲೀಸರು ಕೈ ಅಡ್ಡ ಹಿಡಿದರೆ, 'ತಪ್ಪಾಯ್ತು ಬಿಡಿ' ಅಂದು ಮುಂದೆ ಹೋಗುತ್ತೇವೆ. ಹಾಗೆಂದವರು ನಿಜಕ್ಕೂ ತಪ್ಪು ಮಾಡಿದ್ದಾರೋ ಇಲ್ಲವೋ ಎಂದು ಯಾರೂ ತೂಗಿ ನೋಡುವುದಿಲ್ಲ. ಅಮೆರಿಕದ ಕೋರ್ಟಿನಲ್ಲಿ ದುಭಾಷಿಯಾಗಿ ನಿಲ್ಲಲು ಶುರುಮಾಡಿದ ಮೇಲೆ, ಈ ಮಾತು ಯಾರದಾದರೂ ನಾಲಗೆಯ ತುದಿಗೆ ಬಂದದ್ದು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ.

ನಾನು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದಿದವಳು. ಮಗ ಹೈಸ್ಕೂಲಿಗೆ ಹೋದ ಮೇಲೆ ಕ್ಯಾಲಿಫೋರ್ನಿಯಾದ ಕೋರ್ಟುಗಳಲ್ಲಿ ದುಭಾಷಿಯ ಕೆಲಸಕ್ಕೆ ಹೆಸರು ಬರೆಸಿದೆ. ಸ್ಪ್ಯಾನಿಷ್ ದುಭಾಷಿಗಳಿಗೆ ಉಸಿರು ಬಿಡಲು ಪುರುಸೊತ್ತಿರುವುದಿಲ್ಲ. ಕನ್ನಡಕ್ಕೆ ಕರೆ ಬರುವುದು ತಿಂಗಳಿಗೆ ಒಂದೋ ಎರಡೋ. ನಮ್ಮವರಲ್ಲಿ ಇಂಗ್ಲಿಷ್ ಬಾರದವರು ಕಡಿಮೆ ಎನ್ನುವುದು ಒಂದು ಕಾರಣ. ಬಂದರೂ ಬಾರದಿದ್ದರೂ ದುಭಾಷಿ ಬೇಕೆಂದು ಕೇಳಲು ನಾಚುವವರು ಹೆಚ್ಚು ಎನ್ನುವುದು ಇನ್ನೊಂದು.

ಈ ಕೆಲಸದ ನಿಯಮಗಳು ಮಡಿಯಷ್ಟೇ ಕಟ್ಟುನಿಟ್ಟು. ಸೇರಿಸಬಾರದು, ಬಿಡಬಾರದು, ಸಲಹೆ ಕೊಡಬಾರದು. ಆರೋಪಿ 'ನಾನು' ಎಂದರೆ ನಾನೂ 'ನಾನು' ಎಂದೇ ಹೇಳಬೇಕು. ಹೀಗಾಗಿ ಈ ಕೆಲವು ವರ್ಷಗಳಲ್ಲಿ ನಾನು ಕುಡಿದು ಕಾರು ಓಡಿಸಿದ್ದೇನೆ, ಪಕ್ಕದವನ ಬೇಲಿ ಮುರಿದಿದ್ದೇನೆ, ಗಂಡನ ಮೇಲೆ ಫೋನ್ ಎಸೆದಿದ್ದೇನೆ. ಇಲ್ಲಿ ಬರೆಯುತ್ತಿರುವ ಪ್ರಕರಣ ಬಾಗಿಲು ತೆರೆದ ಕೋರ್ಟಿನಲ್ಲಿ ನಡೆದದ್ದು. ಆದರೂ ಹೆಸರು, ಊರು, ಅಂಗಡಿ ಎಲ್ಲವನ್ನೂ ಬಿಟ್ಟಿದ್ದೇನೆ, ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ ತಪ್ಪೊಪ್ಪಿಗೆಯನ್ನು ದಾಖಲಿಸುವ ಮೊದಲು ನ್ಯಾಯಾಧೀಶರು ಒಂದು ಎಚ್ಚರಿಕೆ ಕೊಡಲೇಬೇಕು. 1978ರಿಂದ ಇರುವ ನಿಯಮ. ನೀವು ಈ ದೇಶದ ಪ್ರಜೆಯಲ್ಲದಿದ್ದರೆ ಈ ಅಪರಾಧ ನಿರ್ಣಯದಿಂದ ನಿಮ್ಮನ್ನು ದೇಶದಿಂದ ಹೊರಹಾಕಬಹುದು, ಮತ್ತೆ ಒಳಗೆ ಬಿಡದಿರಬಹುದು, ಪೌರತ್ವ ನಿರಾಕರಿಸಬಹುದು ಎಂಬುದು ಅದರ ಸಾರ. ನ್ಯಾಯಾಧೀಶರು ಇದನ್ನು ಹತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತಾರೆ, ರೈಲ್ವೆ ನಿಲ್ದಾಣದ ಧ್ವನಿವರ್ಧಕದ ಹಾಗೆ. ನನಗೆ ಮಾತ್ರ ಪ್ರತಿ ಸಲವೂ ಒಂದು ಶಬ್ದದ ಹತ್ತಿರ ಕಾಲು ತಡವರಿಸುತ್ತದೆ. ದೇಶದಿಂದ ಹೊರಹಾಕುವುದಕ್ಕೆ ನಮ್ಮಲ್ಲಿ ಒಳ್ಳೆಯ ಶಬ್ದವಿದೆ, 'ಗಡೀಪಾರು'. ಆದರೆ ಕರ್ನಾಟಕದಲ್ಲಿ ಅದು ಪೊಲೀಸ್ ಕಾಯ್ದೆಯಡಿ ರೌಡಿಗಳನ್ನು ಜಿಲ್ಲೆಯಾಚೆ ಕಳಿಸುವುದಕ್ಕೆ ಅಂಟಿಕೊಂಡುಬಿಟ್ಟಿದೆ. ಒಮ್ಮೆ ಆ ಶಬ್ದ ಬಳಸಿದಾಗ ಎದುರಿಗಿದ್ದ ಸಾಫ್ಟ್‌ವೇರ್ ಹುಡುಗ ಸಿಟ್ಟಿನಿಂದ 'ನಾನೇನು ರೌಡಿನಾ?' ಅಂದ. ಅದನ್ನೂ ಇಂಗ್ಲಿಷಿಗೆ ಹೇಳಬೇಕಾಯಿತು. ಅಂದಿನಿಂದ 'ದೇಶದಿಂದ ಹೊರಹಾಕುವುದು' ಅಂತಲೇ ಹೇಳುತ್ತೇನೆ. ಉದ್ದವಾದರೂ ಪರವಾಗಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟಿನ ದೃಷ್ಟಿಯಲ್ಲಿ ಈ ಹೊರಹಾಕುವಿಕೆ ಶಿಕ್ಷೆಯೇ ಅಲ್ಲ. 1893ರಲ್ಲಿ ಫಾಂಗ್ ಯೂ ಟಿಂಗ್ ಎಂಬ ಚೀನೀ ವಲಸಿಗನ ಪ್ರಕರಣದಲ್ಲಿ ಹಾಗೆಂದು ತೀರ್ಪು ಬಂತು. ಆ ಮಾತು ಇಂದಿಗೂ ನಿಂತಿದೆ. ಶಿಕ್ಷೆ ಅಲ್ಲವಾದ್ದರಿಂದ ವಲಸೆ ಕೋರ್ಟಿನಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುವುದಿಲ್ಲ. ಅಂಗಡಿಯಲ್ಲಿ ಕದ್ದ ಆರೋಪಕ್ಕೆ ಉಚಿತ ವಕೀಲರಿದ್ದಾರೆ. ಅದೇ ಕಾರಣಕ್ಕೆ ಮನೆ, ಕೆಲಸ, ಮಕ್ಕಳ ಶಾಲೆ ಬಿಟ್ಟು ದೇಶ ತೊರೆಯಬೇಕಾದಾಗ ನಿಮ್ಮ ವಕೀಲರನ್ನು ನೀವೇ ಹುಡುಕಿಕೊಳ್ಳಬೇಕು. ಕನ್ನಡದ 'ದಂಡ' ಎಂಬ ಒಂದೇ ಶಬ್ದದಲ್ಲಿ ಹಣವೂ ಇದೆ, ಶಿಕ್ಷೆಯೂ ಇದೆ, ಕೋಲೂ ಇದೆ. ಅಲ್ಲಿಯ ಕಾನೂನು ಇವನ್ನೆಲ್ಲ ಬೇರೆ ಬೇರೆ ಕಪಾಟುಗಳಲ್ಲಿಟ್ಟು, ಒಂದರ ಬೀಗದ ಕೈಯನ್ನು ಇನ್ನೊಂದರವರಿಗೆ ಕೊಡದೆ ನಡೆಯುತ್ತದೆ.

2024ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನನ್ನನ್ನು ಕರೆಸಿದ್ದು ಸಣ್ಣ ಕಳ್ಳತನದ ಪ್ರಕರಣಕ್ಕೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬಯಲುಸೀಮೆಯ ಕಡೆಯವಳು, ಪದವಿಯವರೆಗೂ ಕನ್ನಡ ಮಾಧ್ಯಮ. ಗಂಡನ ಎಚ್-1ಬಿ ವೀಸಾದ ನೆರಳಿನಲ್ಲಿ ಎಚ್-4ನಲ್ಲಿ ಬಂದವಳು. ಅಂಗಡಿಯಲ್ಲಿ ನಾವೇ ಬಿಲ್ ಮಾಡಿಕೊಳ್ಳುವ ಯಂತ್ರವಿರುತ್ತದಲ್ಲ, ಅಲ್ಲಿ ಕೆಲವು ಸಾಮಾನಿಗೆ ಬಿಲ್ ಆಗಿತ್ತು, ಮಗುವಿನ ತಳ್ಳುಗಾಡಿಯ ಕೆಳಗಿನ ಬುಟ್ಟಿಯಲ್ಲಿದ್ದ ಮೂರಕ್ಕೆ ಆಗಿರಲಿಲ್ಲ. ಎಲ್ಲ ಸೇರಿ ನಲವತ್ತು ಡಾಲರ್ ಚಿಲ್ಲರೆ. ಪೊಲೀಸರು ಠಾಣೆಗೆ ಕರೆದೊಯ್ದು ಬೆರಳಚ್ಚು ತೆಗೆದುಕೊಂಡು, ಕೋರ್ಟಿಗೆ ಬಾ ಎಂದು ಚೀಟಿ ಕೊಟ್ಟು ಕಳಿಸಿದ್ದರು. ಅವಳು ಬೇಕೆಂದೇ ಇಟ್ಟಳೇ, ಮಗು ಅಳುವ ಗಡಿಬಿಡಿಯಲ್ಲಿ ಮರೆತಳೇ? ಅದನ್ನು ನಾನು ಕೇಳುವಂತಿಲ್ಲ. ಯಾರೂ ಕೇಳಲೂ ಇಲ್ಲ.

ಗಂಡ ಕಾರಿಡಾರಿನಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದ. 'ದಂಡ ಎಷ್ಟು ಅಂತ ಕೇಳಿ, ಕಟ್ಟಿ ಮುಗಿಸಿಬಿಡಿ. ಹನ್ನೊಂದಕ್ಕೆ ನನಗೆ ಮೀಟಿಂಗ್ ಇದೆ.'

ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಈ ಮಾತು ಎಲ್ಲಿಂದ ಬಂತೆಂದು ಗೊತ್ತಿದೆ. ದೀಪಾವಳಿ ಹೊತ್ತಿಗೆ ನಮ್ಮ ತಾಲ್ಲೂಕುಗಳ ಜೆಎಂಎಫ್‌ಸಿ ಕೋರ್ಟಿಗೆ ಹೋಗಿ ನೋಡಿ. ಅರಳಿಕಟ್ಟೆಯ ಮೇಲೆ ಅಂದರ್ ಬಾಹರ್ ಆಡುತ್ತಿದ್ದವರು ಸಾಲಾಗಿ ನಿಂತಿರುತ್ತಾರೆ. ಮೇಷ್ಟರೂ ಇರುತ್ತಾರೆ, ಎಂಜಿನಿಯರಿಂಗ್ ಓದುವ ಹುಡುಗರೂ ಇರುತ್ತಾರೆ. 'ಒಪ್ಪಿಕೊಳ್ತೀರಾ?' 'ಹೂಂ ಸ್ವಾಮಿ.' ಇನ್ನೂರೋ ಮುನ್ನೂರೋ ಕಟ್ಟಿ, ಹೊರಗೆ ಬಂದು ಚಹಾ ಕುಡಿದು, ಮಧ್ಯಾಹ್ನದ ಬಸ್ಸಿಗೆ ಊರಿಗೆ. ಕೇಸ್ ನಡೆಸಿದರೆ ವಕೀಲರ ಫೀಸು, ಮೂರು ವರ್ಷದ ವಾಯಿದೆ. ಒಪ್ಪಿಕೊಳ್ಳುವುದೇ ಜಾಣತನ. ಅದು ಕರ್ನಾಟಕ ಪೊಲೀಸ್ ಕಾಯ್ದೆಯಡಿ ಆದ ಅಪರಾಧ ನಿರ್ಣಯ ಎಂದು ಆ ಹುಡುಗರಲ್ಲಿ ಒಬ್ಬನಿಗೂ ಅನ್ನಿಸಿರುವುದಿಲ್ಲ. ನಾಲ್ಕು ವರ್ಷದ ಮೇಲೆ ಅವನು ಅಮೆರಿಕದ ವೀಸಾಕ್ಕಾಗಿ ಡಿಎಸ್-160 ಅರ್ಜಿ ತುಂಬುತ್ತಾನೆ. ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ, ಯಾವುದೇ ಅಪರಾಧಕ್ಕೆ ಶಿಕ್ಷೆ ಆಗಿದೆಯೇ, ಕ್ಷಮಾದಾನ ಸಿಕ್ಕಿದ್ದರೂ ತಿಳಿಸಿ ಎಂದು ಅಲ್ಲಿ ಕೇಳಿರುತ್ತದೆ. ಸೈಬರ್ ಸೆಂಟರಿನವನು 'ನೋ ಹಾಕಿ ಸಾರ್, ಇದೆಲ್ಲ ಯಾರು ನೋಡ್ತಾರೆ' ಅನ್ನುತ್ತಾನೆ. ಒಂದು ಸಲ ಇಸ್ಪೀಟಾಡಿ ದಂಡ ಕಟ್ಟಿದ್ದಷ್ಟರಿಂದಲೇ ವೀಸಾಕ್ಕೆ ಅನರ್ಹನಾಗುವುದಿಲ್ಲ. ಆದರೆ ಆ 'ನೋ' ಬೇಕೆಂದೇ ಮುಚ್ಚಿಟ್ಟ ಮುಖ್ಯ ಸಂಗತಿ ಎಂದು ಅಧಿಕಾರಿ ತೀರ್ಮಾನಿಸಿದರೆ, ವಿಶೇಷ ವಿನಾಯಿತಿ ಸಿಗದ ಹೊರತು ಬಾಗಿಲು ಜೀವಮಾನಕ್ಕೂ ಮುಚ್ಚುತ್ತದೆ. ಇಸ್ಪೀಟಿಗಿಂತ ಸುಳ್ಳು ದುಬಾರಿ.

ಆ ಹೆಣ್ಣುಮಗಳಿಗೆ ಕೋರ್ಟು ಒದಗಿಸಿದ್ದ ಪಬ್ಲಿಕ್ ಡಿಫೆಂಡರ್ ಒಬ್ಬ ಯುವ ವಕೀಲೆ. ಕೈಯಲ್ಲಿ ಇಪ್ಪತ್ತು ಕಡತ. ಪ್ರಾಸಿಕ್ಯೂಟರ್ ಕಡೆಯಿಂದ ಬಂದ ಮಾತು ಸರಳವಾಗಿತ್ತು: ಇವತ್ತೇ ತಪ್ಪೊಪ್ಪಿಕೊಂಡರೆ ಜೈಲಿಲ್ಲ, ದಂಡ, ಒಂದು ವರ್ಷದ ಪ್ರೊಬೇಷನ್. ವಕೀಲೆ ಇದನ್ನು ವಿವರಿಸಿ, ಇದರಿಂದ ವಲಸೆಗೆ ತೊಂದರೆ ಆಗಬಹುದು, ಕಳ್ಳತನವನ್ನು ವಲಸೆ ಕಾನೂನು ಒಂದು ವಿಶೇಷ ವರ್ಗಕ್ಕೆ ಸೇರಿಸುತ್ತದೆ ಎಂದು ಆ ವರ್ಗದ ಹೆಸರು ಹೇಳಿದರು. ಕರ್ನಾಟಕದ ಸರ್ಕಾರಿ ಕಡತಗಳಲ್ಲಿ ಅದಕ್ಕೆ ಸಿದ್ಧ ಅನುವಾದವಿದೆ, 'ನೈತಿಕ ಅಧಃಪತನವನ್ನೊಳಗೊಂಡ ಅಪರಾಧ'. ಅದನ್ನೇ ಹೇಳಿದೆ. ಅವಳ ಮುಖ ಕೆಂಪಾಯಿತು. 'ಛೆ, ಅಂಥ ಕೆಲಸ ನಾನು ಮಾಡಿಲ್ಲ ಮೇಡಂ.' ಹೆಂಗಸಿನ ವಿಷಯದಲ್ಲಿ ನೀತಿ, ನಡತೆ ಅಂದರೆ ನಮ್ಮ ಕಿವಿಗೆ ಕೇಳುವುದು ಒಂದೇ ಅರ್ಥ ತಾನೆ.

ಈ ಪದಗುಚ್ಛ ಅಮೆರಿಕದ ವಲಸೆ ಕಾನೂನಿಗೆ ಬಂದದ್ದು 1891ರಲ್ಲಿ. ಅದರ ಅರ್ಥವೇನೆಂದು ಕಾನೂನು ಎಲ್ಲಿಯೂ ಹೇಳಿಲ್ಲ. 1951ರಲ್ಲಿ ಮದ್ಯದ ತೆರಿಗೆ ವಂಚಿಸಿದ ಡಿ ಜಾರ್ಜ್ ಎಂಬವನ ಪ್ರಕರಣದಲ್ಲಿ, ಇದು ಅಸ್ಪಷ್ಟವಲ್ಲ ಎಂದು ಸುಪ್ರೀಂ ಕೋರ್ಟಿನ ಬಹುಮತ ಹೇಳಿತು. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅಮೆರಿಕದ ಮುಖ್ಯ ಪ್ರಾಸಿಕ್ಯೂಟರ್ ಆಗಿದ್ದ ರಾಬರ್ಟ್ ಜಾಕ್ಸನ್ ಭಿನ್ನಮತ ಬರೆದರು. ಘೋರ ಅಪರಾಧ ಯಾವುದೆಂದು ಆ ಕಾಲದಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ, ಅವರಿಗೇ ಈ ಶಬ್ದ ಅಳತೆಗೆ ಸಿಗಲಿಲ್ಲ. ಇವತ್ತಿಗೂ ಅದರ ಲೆಕ್ಕ ವಿಚಿತ್ರ. ಕುಡಿದು ಕಾರು ಓಡಿಸಿದ್ದು, ಅಷ್ಟೇ ಆದರೆ, ಸಾಮಾನ್ಯವಾಗಿ ನೈತಿಕ ಅಧಃಪತನ ಅಲ್ಲ. ಲಿಪ್‌ಸ್ಟಿಕ್ ಕದ್ದದ್ದು ಹೌದು. ಹಾಗೆಂದು ಕುಡಿದು ಓಡಿಸಿದವರು ನಿಶ್ಚಿಂತೆಯಿಂದಿರುವಂತಿಲ್ಲ. 2015ರಿಂದ ಅವರ ವೀಸಾವನ್ನು ಬಂಧನದ ಆಧಾರದ ಮೇಲೆಯೇ, ಶಿಕ್ಷೆಯಾಗುವವರೆಗೂ ಕಾಯದೆ, ರದ್ದುಮಾಡುವ ಪದ್ಧತಿ ಇದೆ.

ವಕೀಲೆ ಮಾತು ಮುಗಿಸುವ ಹೊತ್ತಿಗೆ ಹೆಸರು ಕೂಗಿದರು. ನ್ಯಾಯಾಧೀಶರ ಮುಂದೆ ನಿಂತೆವು. ಎಡಕ್ಕೆ ವಕೀಲೆ, ನಡುವೆ ಅವಳು, ಅವಳ ಕಿವಿಯ ಹತ್ತಿರ ನಾನು. ಎಚ್ಚರಿಕೆಯ ವಾಕ್ಯ ಬಂತು. ಹೊರಹಾಕಬಹುದು, ಒಳಗೆ ಬಿಡದಿರಬಹುದು, ಪೌರತ್ವ ನಿರಾಕರಿಸಬಹುದು. ಅರ್ಥವಾಯಿತೇ?

ಅವಳು ನ್ಯಾಯಾಧೀಶರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, 'ಅಕ್ಕಾ, ನೀವೇ ಹೇಳಿ. ನಮ್ಮೋರು ನೀವು. ತಪ್ಪಾಯ್ತು ಅಂದುಬಿಡ್ಲಾ?' ಅಂದಳು.

ನಾನು ಉತ್ತರಿಸುವಂತಿಲ್ಲ. ಸುಮ್ಮನಿರುವಂತೆಯೂ ಇಲ್ಲ. ಬಿಡಬಾರದು, ಸೇರಿಸಬಾರದು. ನ್ಯಾಯಾಧೀಶರ ಕಡೆ ತಿರುಗಿ, ಗಟ್ಟಿಯಾಗಿ, ಇಂಗ್ಲಿಷಿನಲ್ಲಿ ಹೇಳಿದೆ: 'ಅಕ್ಕಾ, ನೀವೇ ಹೇಳಿ. ನೀವು ನಮ್ಮವರು. ತಪ್ಪಾಯಿತು ಎಂದುಬಿಡಲೇ?' 'ಅಕ್ಕ' ಎನ್ನುವುದನ್ನು ಕನ್ನಡದಲ್ಲೇ ಉಳಿಸಿ, ಅದು ದುಭಾಷಿಯನ್ನು ಉದ್ದೇಶಿಸಿ ಅಂದದ್ದು ಎಂದು ನಿಯಮದ ಪ್ರಕಾರ ಸೇರಿಸಿದೆ. ಕೋರ್ಟಿನಲ್ಲಿ ಒಂದು ಕ್ಷಣ ಟೈಪಿಸುವ ಸದ್ದೂ ನಿಂತಿತು. ವಕೀಲೆ ತಲೆಯೆತ್ತಿ ಅವಳನ್ನು ನೋಡಿದರು. ಆ ಬೆಳಗಿನಲ್ಲಿ ಮೊದಲ ಸಲ ನಿಜವಾಗಿ ನೋಡಿದರು ಎಂದು ನನಗನ್ನಿಸಿತು. ಬಳಿಕ, ನನ್ನ ಕಕ್ಷಿದಾರಳು ವಲಸೆ ವಕೀಲರ ಜೊತೆ ಮಾತಾಡುವವರೆಗೆ ವಾಯಿದೆ ಬೇಕು ಎಂದು ಕೇಳಿದರು. ನ್ಯಾಯಾಧೀಶರು ನಾಲ್ಕು ವಾರ ಕೊಟ್ಟರು.

ಹಾಗೆ ಕೇಳಲು ವಕೀಲೆಗೆ ಆಧಾರವಿತ್ತು. ಹೊಂಡುರಾಸ್‌ನಿಂದ ಬಂದು ನಲವತ್ತು ವರ್ಷ ಗ್ರೀನ್ ಕಾರ್ಡಿನಲ್ಲಿದ್ದ, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ಸೇವೆ ಸಲ್ಲಿಸಿದ್ದ ಹೋಸೆ ಪಡಿಲಾ ಎಂಬ ಲಾರಿ ಚಾಲಕ ಗಾಂಜಾ ಸಾಗಿಸಿದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಿದ್ದ. ಇಷ್ಟು ವರ್ಷ ಇದ್ದೀಯ, ವಲಸೆಯ ಚಿಂತೆ ಬೇಡ ಎಂದು ಅವನ ವಕೀಲರೇ ಹೇಳಿದ್ದರು. ಅದು ತಪ್ಪಾಗಿತ್ತು. 2010ರಲ್ಲಿ ಸುಪ್ರೀಂ ಕೋರ್ಟು, ಕ್ರಿಮಿನಲ್ ವಕೀಲರು ಪ್ರಜೆಯಲ್ಲದ ಕಕ್ಷಿದಾರರಿಗೆ ದೇಶದಿಂದ ಹೊರಬೀಳುವ ಅಪಾಯವನ್ನು ತಿಳಿಸುವುದು ಸಂವಿಧಾನದತ್ತ ಕರ್ತವ್ಯ ಎಂದಿತು. ಕ್ಯಾಲಿಫೋರ್ನಿಯಾ 2016ರಿಂದ ಇದನ್ನು ತನ್ನ ಕಾನೂನಿನಲ್ಲೂ ಬರೆದುಕೊಂಡಿತು. ಆದರೂ ಇಪ್ಪತ್ತು ಕಡತ ಹಿಡಿದವರಿಗೆ ಕರ್ತವ್ಯ ಎಷ್ಟು ನಿಮಿಷ ಸಿಗುತ್ತದೆ ಎನ್ನುವುದು ಬೇರೆ ಮಾತು.

ತಿಂಗಳ ಬಳಿಕ ವಕೀಲೆಯ ಕಚೇರಿಯಲ್ಲಿ ಅವಳಿಗೆ ವಿವರಣೆ ಸಿಕ್ಕಿತು. ಎರಡು ಗಂಟೆ ನಾನೂ ಕೂತಿದ್ದೆ. ವಲಸೆ ಕಾನೂನಿಗೆ 'ಅಪರಾಧ ನಿರ್ಣಯ' ಎಂದರೆ ತಪ್ಪೊಪ್ಪಿಗೆ ಮತ್ತು ಅದರ ಜೊತೆ ಯಾವುದಾದರೂ ದಂಡನೆಯೋ ನಿರ್ಬಂಧವೋ. ಅಷ್ಟು ಸಾಕು. ಆಮೇಲೆ ರಾಜ್ಯದ ಕೋರ್ಟು ಸನ್ನಡತೆ ನೋಡಿ ಪ್ರಕರಣವನ್ನು ಅಳಿಸಿದರೂ, ಫೆಡರಲ್ ಸರ್ಕಾರ ಅಳಿಸಿದ ಅಕ್ಷರವನ್ನು ಓದುತ್ತದೆ. ಒಂದೇ ಒಂದು ಸಣ್ಣ ಅಪರಾಧಕ್ಕೆ ವಿನಾಯಿತಿ ಇದೆ: ಆ ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆ ಒಂದು ವರ್ಷ ಮೀರಬಾರದು, ವಿಧಿಸಿದ್ದು ಆರು ತಿಂಗಳು ಮೀರಬಾರದು. ಅವಳ ಪ್ರಕರಣ ಅದರೊಳಗೆ ಬರುತ್ತಿತ್ತು. ಅಂದರೆ ಅಂದು ಒಪ್ಪಿಕೊಂಡಿದ್ದರೂ ಮರುದಿನವೇ ಯಾರೂ ಬಂದು ಎಳೆದೊಯ್ಯುತ್ತಿರಲಿಲ್ಲ. ಆದರೆ ಆ ವಿನಾಯಿತಿ ಖರ್ಚಾಗಿಬಿಡುತ್ತಿತ್ತು. ಇಂಥದ್ದು ಎರಡಾದರೆ ಗ್ರೀನ್ ಕಾರ್ಡ್ ಬಂದು ಎಷ್ಟು ವರ್ಷವಾಗಿದ್ದರೂ ಹೊರಹಾಕಲು ಸಾಕು. ಇದರ ಮೇಲೆ ವೀಸಾ ಅಧಿಕಾರಿಯ ವಿವೇಚನೆ ಎಂಬ ಅಳತೆಯಿಲ್ಲದ ವಸ್ತು ಒಂದಿದೆ.

ಅವಳು ಒಂದೇ ಪ್ರಶ್ನೆ ಕೇಳಿದಳು. ಅಪ್ಪನಿಗೆ ಹೃದಯದ ಶಸ್ತ್ರಚಿಕಿತ್ಸೆ ಎಂದು ಗೊತ್ತುಮಾಡಿದ್ದಾರೆ, ಹೋಗಿ ಬರಬಹುದೇ? ಹೋಗಲು ತಡೆಯಿಲ್ಲ, ಬರುವುದಕ್ಕೆ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಹೊಸ ವೀಸಾ ಮುದ್ರೆ ಬೇಕು, ಪ್ರಕರಣ ಬಾಕಿಯಿರುವಾಗ ಅದು ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು ಎಂದು ವಲಸೆ ವಕೀಲರು ಹೇಳಿದರು. ಅಮೆರಿಕದಲ್ಲೇ ಹುಟ್ಟಿದ ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು.

ಇಂಥ ಕಾನೂನು ಯಾರನ್ನು ಹಿಡಿಯುತ್ತದೆ ಎಂದು ತಿಳಿಯಲು ನಾನು ಹಳೆಯ ಪ್ರಕರಣಗಳನ್ನು ಓದತೊಡಗಿದ್ದು ಆಮೇಲೆ. ಜಾರ್ಜಿಯಾದಲ್ಲಿ ಒಬ್ಬ ಮಹಿಳೆಯಿದ್ದಳು. ಜರ್ಮನಿಯಲ್ಲಿ ಹುಟ್ಟಿ ಹಸುಗೂಸಾಗಿದ್ದಾಗ ದತ್ತು ಬಂದವಳು. 1988ರಲ್ಲಿ ಜಗಳವೊಂದರಲ್ಲಿ ಇನ್ನೊಬ್ಬಳ ಕೂದಲು ಎಳೆದಳು, ತಪ್ಪೊಪ್ಪಿಕೊಂಡಳು. ಒಂದು ವರ್ಷದ ಶಿಕ್ಷೆ, ಅದೂ ಅಮಾನತು. ಒಂದು ದಿನವೂ ಜೈಲಿನಲ್ಲಿರಲಿಲ್ಲ. 1996ರಲ್ಲಿ ಕಾನೂನು ಬದಲಾಗಿ, ಒಂದು ವರ್ಷದ ಶಿಕ್ಷೆ ಕಾಗದದ ಮೇಲಿದ್ದರೂ ಅಂಥದ್ದು 'ಉಲ್ಬಣಿತ ಘೋರಾಪರಾಧ'ದ ಪಟ್ಟಿಗೆ ಸೇರಿತು. ಹಿಂದಿನ ಪ್ರಕರಣಗಳಿಗೂ ಅನ್ವಯವಾಯಿತು. ಪೌರತ್ವ ಕೇಳಿದವಳಿಗೆ ಸಿಕ್ಕಿದ್ದು ಹೊರಹಾಕುವ ನೋಟಿಸು. 2000ದಲ್ಲಿ ರಾಜ್ಯದ ಕ್ಷಮಾದಾನ ಮಂಡಳಿ ಕೈಹಿಡಿದದ್ದರಿಂದ ಉಳಿದಳು. ಇನ್ನೊಬ್ಬ ಟ್ಯುನೀಷಿಯಾದ ಮೂನಿಸ್ ಮೆಲ್ಲೂಲಿ, ಮಿಸೂರಿಯ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದವನು. ಅವನ ಕಾಲುಚೀಲದಲ್ಲಿ ನಾಲ್ಕು ಮಾತ್ರೆ ಸಿಕ್ಕವು. ಅವನ ಮೇಲೆ ಉಳಿದ ಅಪರಾಧ 'ಮಾದಕ ವಸ್ತುವಿನ ಸಲಕರಣೆ' ಹೊಂದಿದ್ದು. ಸಲಕರಣೆ ಯಾವುದು? ಆ ಕಾಲುಚೀಲ. 2012ರಲ್ಲಿ ಅವನನ್ನು ದೇಶದಿಂದ ಕಳಿಸಿದರು. 2015ರಲ್ಲಿ ಸುಪ್ರೀಂ ಕೋರ್ಟು ಅದು ತಪ್ಪೆಂದಿತು. ಕಾಲುಚೀಲ ಗೆದ್ದಿತು, ನಡುವಿನ ಮೂರು ವರ್ಷ ವಾಪಸ್ಸು ಬರಲಿಲ್ಲ.

ಆ ಒಂದು ವರ್ಷದ ಗೆರೆಯಿಂದ ಜನರನ್ನು ಬದಿಗೆ ಸರಿಸಲು ಕ್ಯಾಲಿಫೋರ್ನಿಯಾ 2015ರಲ್ಲಿ ಒಂದು ಉಪಾಯ ಮಾಡಿತು. ಸಣ್ಣ ಅಪರಾಧಗಳ ಗರಿಷ್ಠ ಶಿಕ್ಷೆಯನ್ನು 365 ದಿನದಿಂದ 364ಕ್ಕೆ ಇಳಿಸಿತು. 2019ರಲ್ಲಿ ನ್ಯೂಯಾರ್ಕ್ ಕೂಡ. ಒಂದು ದಿನ. ಪಂಚಾಂಗದಲ್ಲಿ ಕ್ಷಯತಿಥಿ ಹಿಡಿದು ಮುಹೂರ್ತ ಸರಿಮಾಡುವ ನಮ್ಮ ಪುರೋಹಿತರು ಇದನ್ನು ಕೇಳಿದರೆ ತಲೆದೂಗುತ್ತಿದ್ದರು.

ಅವಳಿಗೆ ಸಿಕ್ಕಿದ ದಾರಿ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ನ್ಯಾಯಾಧೀಶರು ಸಣ್ಣ ಪ್ರಕರಣಗಳನ್ನು, ಪ್ರಾಸಿಕ್ಯೂಟರ್ ಒಪ್ಪದಿದ್ದರೂ, ಬದಿಗಿಡಬಹುದು. ಹೇಳಿದ ತರಗತಿ, ಹೇಳಿದ ಸಮಾಜಸೇವೆ ಮುಗಿಸಿದರೆ ಪ್ರಕರಣ ವಜಾ. ಇದರಲ್ಲಿ ತಪ್ಪೊಪ್ಪಿಕೊಳ್ಳಬೇಕಾಗಿಲ್ಲ. ಒಪ್ಪಿಗೆ ಇಲ್ಲವಾದ್ದರಿಂದ ವಲಸೆ ಕಾನೂನಿನ ಕಣ್ಣಿಗೂ ಅಪರಾಧ ನಿರ್ಣಯ ಇಲ್ಲ. ಒಂದು ವರ್ಷ ಅವಳು ಶನಿವಾರಗಳಲ್ಲಿ ಒಂದು ಆಹಾರ ಭಂಡಾರದಲ್ಲಿ ಅಕ್ಕಿ, ಬೇಳೆ ಕಟ್ಟಿದಳು. ಗಂಡ ದಿನವಿಡೀ ಮೀಟಿಂಗ್ ಬಿಟ್ಟು ಮಗು ನೋಡಿಕೊಂಡ.

2025ರ ಮೇ ತಿಂಗಳಲ್ಲಿ ಕೊನೆಯ ವಿಚಾರಣೆಗೆ ಹೋದಾಗ ಕಾರಿಡಾರಿನಲ್ಲಿ ಬೇರೆಯದೇ ಗಾಳಿ ಬೀಸುತ್ತಿತ್ತು. ಏಪ್ರಿಲ್‌ನಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು ಸರ್ಕಾರ ಏಕಾಏಕಿ ಮುಚ್ಚಿತ್ತು. ವಿದ್ಯಾರ್ಥಿಗಳ ಹೆಸರುಗಳನ್ನು ಪೊಲೀಸ್ ದಾಖಲೆಗಳ ಭಂಡಾರದ ಜೊತೆ ಹೋಲಿಸಿ, ಹೊಂದಿದವರ ಮೇಲೆ ಗೆರೆ ಎಳೆದಿದ್ದರು. ಅವರಲ್ಲಿ ವಜಾ ಆದ ಪ್ರಕರಣದವರಿದ್ದರು, ವೇಗವಾಗಿ ಕಾರು ಓಡಿಸಿ ಚೀಟಿ ಪಡೆದವರಿದ್ದರು. ಯೂಟಾದಲ್ಲಿ ಒಬ್ಬ ಜಪಾನಿ ಸಂಶೋಧನಾ ವಿದ್ಯಾರ್ಥಿಯ ಹೆಸರಿನಲ್ಲಿದ್ದದ್ದು ಮಿತಿಗಿಂತ ಹೆಚ್ಚು ಮೀನು ಹಿಡಿದ ಚೀಟಿ ಮತ್ತು ವೇಗದ ಚೀಟಿ. ವಲಸೆ ವಕೀಲರ ಸಂಘ ಕಲೆಹಾಕಿದ 327 ಪ್ರಕರಣಗಳಲ್ಲಿ ಅರ್ಧದಷ್ಟು ಭಾರತೀಯರು. ಹಲವು ಕೋರ್ಟುಗಳು ತಡೆ ಕೊಟ್ಟ ಮೇಲೆ ತಿಂಗಳ ಕೊನೆಗೆ ಸರ್ಕಾರ ದಾಖಲೆಗಳನ್ನು ಮತ್ತೆ ತೆರೆಯುವುದಾಗಿ ಹೇಳಿತು. ಆ ಹೊತ್ತಿಗೆ ಕೆಲವರು ಹೆದರಿ ವಿಮಾನ ಹತ್ತಿಯಾಗಿತ್ತು. ಅದಕ್ಕೂ ಮೊದಲು, ಜನವರಿಯಲ್ಲಿ ಬಂದ ಲೇಕನ್ ರೈಲಿ ಕಾಯ್ದೆ, ಕಾಗದಪತ್ರವಿಲ್ಲದೆ ಒಳಬಂದವರು ಅಂಗಡಿ ಕಳ್ಳತನದ ಆರೋಪದಲ್ಲಿ ಬಂಧನಕ್ಕೊಳಗಾದರೂ ಸಾಕು, ಅವರನ್ನು ಸೆರೆಯಲ್ಲಿಡಲೇಬೇಕು ಎಂದಿತ್ತು. ಶಿಕ್ಷೆ ಬೇಕಿಲ್ಲ, ಆರೋಪ ಸಾಕು.

ಅವಳ ಪ್ರಕರಣ ವಜಾ ಆಗಲು ಎರಡು ನಿಮಿಷ ಹಿಡಿಯಿತು. ಆ ಬಂಧನ ನಡೆದೇ ಇಲ್ಲವೆಂದು ಇನ್ನು ಮುಂದೆ ತಿಳಿಯಲಾಗುವುದು ಎಂದರು ನ್ಯಾಯಾಧೀಶರು. ನಾನು ಅನುವಾದಿಸಿದೆ. ಅವಳು ನಕ್ಕಳು. ಹೊರಗೆ ಬಂದ ಮೇಲೆ ವಕೀಲೆ ಇನ್ನೊಂದು ಮಾತು ಸೇರಿಸಿದರು. ವೀಸಾ, ಗ್ರೀನ್ ಕಾರ್ಡ್, ಪೌರತ್ವ, ಯಾವ ಅರ್ಜಿಯಲ್ಲಾದರೂ ಎಂದಾದರೂ ಬಂಧನವಾಗಿದೆಯೇ ಎಂದು ಕೇಳಿದರೆ ಹೌದು ಅಂತಲೇ ಬರೆಯಬೇಕು, ಜೊತೆಗೆ ಕೋರ್ಟಿನ ಪ್ರಮಾಣಿತ ಪ್ರತಿ ಇಡಬೇಕು. 'ನಡೆದೇ ಇಲ್ಲ ಅಂದರಲ್ಲ ಈಗ?' ಅಂದಳು. ಅದನ್ನೂ ಅನುವಾದಿಸಿದೆ. ವಕೀಲೆ ಭುಜ ಕುಣಿಸಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಅಪ್ಪ ಹೇಗಿದ್ದಾರೆ ಎಂದು ನಾನು ಕೇಳುವಂತಿರಲಿಲ್ಲ. ಅವಳೂ ಹೇಳಲಿಲ್ಲ.

ಪ್ರತಿ ಪಡೆಯಲು ಕೆಳಗಿನ ಗುಮಾಸ್ತರ ಕಿಟಕಿಗೆ ಹೋದೆವು. ಎಷ್ಟು ಬೇಕೆಂದು ಕೇಳಿದರು. ಐದು ಅಂದಳು. ಒಂದೊಂದಕ್ಕೂ ಬೇರೆ ಬೇರೆ ಶುಲ್ಕ, ಒಂದು ಸಾಲದೇ ಎಂದರು ಗುಮಾಸ್ತರು. ಅವಳು ಬೆರಳು ಮಡಿಸಿ ಲೆಕ್ಕ ಹೇಳಿದಳು, ನಾನು ಹಿಂದೆ ಹಿಂದೆಯೇ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ವೀಸಾಕ್ಕೆ ಒಂದು, ಗ್ರೀನ್ ಕಾರ್ಡಿಗೆ ಒಂದು, ಪೌರತ್ವಕ್ಕೆ ಒಂದು, ಕಳೆದುಹೋದರೆ ಇರಲಿ ಅಂತ ಒಂದು, ಇನ್ನೊಂದು ಊರಿನಲ್ಲಿ ಅಮ್ಮನ ಗೋದ್ರೇಜ್ ಬೀರುವಿನಲ್ಲಿ ನನ್ನ ಮಾರ್ಕ್ಸ್ ಕಾರ್ಡಿನ ಜೊತೆ ಇಡುವುದಕ್ಕೆ.